ಪಿ227ಎ: ಒಂದು ಪಾಳಿಯ ಪಾಲಕ್ ಸೊಪ್ಪು, ಇಡೀ ದೇಶದ ಖಾಲಿ ಕಪಾಟು

2006ರ ಸೆಪ್ಟೆಂಬರ್ 14ರಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ, ಅಂದರೆ ಎಫ್‌ಡಿಎ, ಪೊಟ್ಟಣದಲ್ಲಿ ಮಾರುವ ಹಸಿ ಪಾಲಕ್ ಸೊಪ್ಪನ್ನು ಯಾರೂ ತಿನ್ನಬಾರದೆಂದು ದೇಶದ ಜನರಿಗೆಲ್ಲ ಸೂಚನೆ ಕೊಟ್ಟಿತು. ಎರಡೇ ದಿನಗಳಲ್ಲಿ ಆ ಸೂಚನೆ ಎಲ್ಲ ಬಗೆಯ ಹಸಿ ಪಾಲಕ್‌ಗೂ, ಅದನ್ನು ಬೆರೆಸಿದ ತಿನಿಸುಗಳಿಗೂ ಹಬ್ಬಿತು. ಯಾವ ಬ್ರ್ಯಾಂಡು, ಯಾವ ರಾಜ್ಯ, ಯಾವ ಹೊಲ ಎಂಬ ಭೇದವೇ ಅದರಲ್ಲಿರಲಿಲ್ಲ. ಅಂಗಡಿಗಳು ಕಪಾಟುಗಳನ್ನು ತೆರವು ಮಾಡಿದವು, ಸಗಟು ಗೋದಾಮುಗಳು ದಾಸ್ತಾನನ್ನು ಎಸೆದವು, ಕೊಯ್ಲಿಗೆ ನಿಂತಿದ್ದ ಬೆಳೆ ಹೊಲದಲ್ಲೇ ಉಳಿಯಿತು. ಆರು ತಿಂಗಳ ಬಳಿಕ, 2007ರ ಮಾರ್ಚ್‌ನಲ್ಲಿ ಹೊರಬಂದ ತನಿಖಾ ವರದಿಯು ಸೋಂಕಿತ ಸೊಪ್ಪನ್ನು ಒಂದು ಘಟಕದಲ್ಲಿ ಒಂದು ದಿನದ ಒಂದು ಪಾಳಿಯಲ್ಲಿ ತಯಾರಾದ ಸರಕಿಗೆ ಜೋಡಿಸಿತು. ಅದರ ಮೂಲವಾಗಿ ಬಹುಮಟ್ಟಿಗೆ ಬೆರಳು ತೋರಿದ್ದು ಸುಮಾರು 2.8 ಎಕರೆಯ ಒಂದು ತಾಕಿನತ್ತ.

ಬೇಗ ಕೆಡುವ ಆಹಾರದ ಜಾಡು ಹಿಡಿಯುವುದಕ್ಕೆ ಎಷ್ಟು ಖರ್ಚು ಮಾಡಬಹುದು, ಆ ಖರ್ಚನ್ನು ಯಾರು ಹೊರಬೇಕು ಎಂಬ ಪ್ರಶ್ನೆಗೆ ಈ ಪ್ರಕರಣಕ್ಕಿಂತ ಸ್ಪಷ್ಟವಾದ ಪಾಠ ನನಗೆ ಬೇರೆ ಕಂಡಿಲ್ಲ. ಸರಕು ಎಲ್ಲಿ, ಯಾವಾಗ ತಯಾರಾಯಿತೆಂದು ಹೇಳುವ ಸಂಕೇತ ಇಲ್ಲದಿರುವುದು ಇದರಲ್ಲಿ ಸಮಸ್ಯೆಯಾಗಿರಲಿಲ್ಲ. ಪೊಟ್ಟಣದ ಮೇಲೆ ಸಂಕೇತ ಅಚ್ಚಾಗಿತ್ತು, ಅದು ಸರಿಯಾಗಿಯೂ ಇತ್ತು. ಆದರೂ ಇಡೀ ಬೆಳೆಯ ಮಾರುಕಟ್ಟೆ ಮುಚ್ಚಿತು.

ನಡೆದದ್ದು

ಸೆಪ್ಟೆಂಬರ್ 8ರಂದು ವಿಸ್ಕಾನ್ಸಿನ್ ರಾಜ್ಯದ ಆರೋಗ್ಯಾಧಿಕಾರಿಗಳು ಇ. ಕೋಲೈ ಒ157:ಎಚ್7 ಎಂಬ ಬ್ಯಾಕ್ಟೀರಿಯಾದ ಸೋಂಕಿನ ಒಂದು ಸಣ್ಣ ಗುಂಪು ಕಾಣಿಸಿಕೊಂಡಿದೆ ಎಂದು ಕೇಂದ್ರ ರೋಗನಿಯಂತ್ರಣ ಸಂಸ್ಥೆಯಾದ ಸಿಡಿಸಿಗೆ ತಿಳಿಸಿದರು. ಆ ಹೊತ್ತಿಗೆ ಮೂಲ ಗೊತ್ತಿರಲಿಲ್ಲ. 13ರಂದು ವಿಸ್ಕಾನ್ಸಿನ್ ಮತ್ತು ಒರೆಗಾನ್ ರಾಜ್ಯಗಳ ಅಧಿಕಾರಿಗಳು ತಮ್ಮ ತಮ್ಮ ರೋಗಿಗಳನ್ನು ವಿಚಾರಿಸಿ, ಹಸಿ ಪಾಲಕ್ ಮೇಲೆ ಶಂಕೆ ಇದೆ ಎಂದರು. ಅದೇ ದಿನ ನ್ಯೂ ಮೆಕ್ಸಿಕೊದಿಂದಲೂ ಅದೇ ಮಾತು ಬಂತು. ಬೇರೆ ಬೇರೆ ರಾಜ್ಯಗಳಲ್ಲಿ ಹರಡಿಕೊಂಡಿದ್ದ ರೋಗಿಗಳ ಬ್ಯಾಕ್ಟೀರಿಯಾ ಒಂದೇ ತಳಿಯದು ಎಂದು ಹೇಳಲು ಸಾಧ್ಯವಾದದ್ದು, ಪ್ರಯೋಗಾಲಯಗಳು ವಂಶವಾಹಿ ಗುರುತುಗಳನ್ನು ಹಂಚಿಕೊಳ್ಳುವ ಪಲ್ಸ್‌ನೆಟ್ ಎಂಬ ಜಾಲದಿಂದ. ಮರುದಿನವೇ ರಾಷ್ಟ್ರೀಯ ಎಚ್ಚರಿಕೆ ಹೊರಟಿತು.

15ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ವಾನ್ ಬಟಿಸ್ಟಾದಲ್ಲಿದ್ದ ನ್ಯಾಚುರಲ್ ಸೆಲೆಕ್ಷನ್ ಫುಡ್ಸ್ ಸಂಸ್ಥೆ ತನ್ನ ಪಾಲಕ್ ಉತ್ಪನ್ನಗಳನ್ನು ಹಿಂಪಡೆಯುವುದಾಗಿ ಪ್ರಕಟಿಸಿತು. ಆ ಘಟಕ ಹಲವು ಬ್ರ್ಯಾಂಡುಗಳಿಗಾಗಿ ಸೊಪ್ಪನ್ನು ತೊಳೆದು ಪೊಟ್ಟಣ ಕಟ್ಟಿಕೊಡುತ್ತಿತ್ತು, ಹಾಗಾಗಿ ಅಂಗಡಿಯಲ್ಲಿ ಪರಸ್ಪರ ಪೈಪೋಟಿ ನಡೆಸುವಂತೆ ಕಾಣುತ್ತಿದ್ದ ಹೆಸರುಗಳು ಒಂದೇ ಪಟ್ಟಿಯಲ್ಲಿ ಸೇರಿದವು. 22ರ ಹೊತ್ತಿಗೆ ಎಫ್‌ಡಿಎ ತನ್ನ ಎಚ್ಚರಿಕೆಯನ್ನು ಕ್ಯಾಲಿಫೋರ್ನಿಯಾದ ಮಾಂಟರೆ, ಸ್ಯಾನ್ ಬೆನಿಟೊ, ಸ್ಯಾಂಟಾ ಕ್ಲಾರಾ ಎಂಬ ಮೂರು ಕೌಂಟಿಗಳ, ಅಂದರೆ ಜಿಲ್ಲೆಗಳ, ಪಾಲಕ್‌ಗೆ ಸೀಮಿತಗೊಳಿಸಿತು. 29ರಂದು, ಸೋಂಕಿಗೆ ಕಾರಣವಾದ ಪಾಲಕ್ ಎಲ್ಲವೂ ಆ ಒಂದು ಸಂಸ್ಥೆಯಿಂದಲೇ ಬಂದದ್ದೆಂದು ಹೇಳಿತು. ಅಕ್ಟೋಬರ್ 6ರ ಸಿಡಿಸಿ ಲೆಕ್ಕದಂತೆ 26 ರಾಜ್ಯಗಳಲ್ಲಿ 199 ಮಂದಿಗೆ ಸೋಂಕು ತಗಲಿತ್ತು. ಅವರಲ್ಲಿ 102 ಮಂದಿ ಆಸ್ಪತ್ರೆ ಸೇರಿದರು, 31 ಮಂದಿಗೆ ಮೂತ್ರಪಿಂಡ ಕೆಡುವ ಗಂಭೀರ ತೊಡಕು ಉಂಟಾಯಿತು, ಮೂವರು ಸತ್ತರು.

ದಿನಾಂಕಗಳು ಹೇಳುವ ಮಾತು

ರೋಗಿಗಳ ಮನೆಯ ಫ್ರಿಜ್ಜುಗಳಲ್ಲಿ ಉಳಿದಿದ್ದ ಪೊಟ್ಟಣಗಳ ಪೈಕಿ 13ರಲ್ಲಿ ರೋಗಕಾರಕ ತಳಿಯೇ ಸಿಕ್ಕಿತು. ಹನ್ನೊಂದರ ಮೇಲಿದ್ದ ಸಂಕೇತಗಳು ಒಂದೇ ಘಟಕದ ಒಂದೇ ದಿನದ ತಯಾರಿಕೆಗೆ ಹೊಂದುತ್ತಿದ್ದವು. ಪಿ227ಎ ಎಂಬ ಆ ಸಂಕೇತದಲ್ಲಿ ಪಿ ಎಂದರೆ ಘಟಕ, 227 ಎಂದರೆ ವರ್ಷದ 227ನೆಯ ದಿನ, ಎ ಎಂದರೆ ಪಾಳಿ. 2006ರ 227ನೆಯ ದಿನ ಆಗಸ್ಟ್ 15. ಮೊದಲಿಗೆ ನ್ಯೂ ಮೆಕ್ಸಿಕೊದ ಪ್ರಯೋಗಾಲಯಕ್ಕೆ ಸಿಕ್ಕ ಪೊಟ್ಟಣದ ಮೇಲೆ ಬಳಕೆಯ ಗಡುವು ಆಗಸ್ಟ್ 30 ಎಂದಿತ್ತು.

ಈ ದಿನಾಂಕಗಳನ್ನು ಎಚ್ಚರಿಕೆಯ ದಿನದ ಪಕ್ಕದಲ್ಲಿಟ್ಟು ನೋಡಬೇಕು. ತಯಾರಾದದ್ದು ಆಗಸ್ಟ್ 15, ಗಡುವು ಆಗಸ್ಟ್ 30, ಎಚ್ಚರಿಕೆ ಸೆಪ್ಟೆಂಬರ್ 14. ಕಾಯಿಲೆ ಆರಂಭವಾದ ದಿನ ಗೊತ್ತಿದ್ದ ರೋಗಿಗಳಲ್ಲಿ ನೂರಕ್ಕೆ ಎಂಬತ್ತು ಮಂದಿ ಆಗಸ್ಟ್ 19 ಮತ್ತು ಸೆಪ್ಟೆಂಬರ್ 5ರ ನಡುವೆ ಹಾಸಿಗೆ ಹಿಡಿದಿದ್ದರು. ಅಂದರೆ ಸರ್ಕಾರ ಬಾಯಿ ತೆರೆಯುವಷ್ಟರಲ್ಲಿ ಆ ಪಾಳಿಯ ಸೊಪ್ಪನ್ನು ಬಹುಪಾಲು ಜನ ತಿಂದಾಗಿತ್ತು, ಇಲ್ಲವೇ ಕೊಳೆತು ಕಸದ ಬುಟ್ಟಿ ಸೇರಿತ್ತು. ಮನೆಗಳಲ್ಲಿ ಮೂಲೆಗೆ ಸರಿದು ಉಳಿದಿದ್ದ ಕೆಲವು ಪೊಟ್ಟಣಗಳನ್ನು ಬಿಟ್ಟರೆ, ಸೆಪ್ಟೆಂಬರ್ ಮಧ್ಯದಲ್ಲಿ ಅಂಗಡಿಗಳಿಂದ ಎತ್ತಿ ಎಸೆದ ಪಾಲಕ್ ಹೆಚ್ಚುಕಡಿಮೆ ಎಲ್ಲವೂ ಶುದ್ಧವಾದದ್ದೇ. ಘಟಕ ಹಿಂಪಡೆದ ಪೊಟ್ಟಣಗಳ ಗಡುವು ಆಗಸ್ಟ್ 17ರಿಂದ ಅಕ್ಟೋಬರ್ 1ರವರೆಗೆ ಹಬ್ಬಿತ್ತು: ಒಂದು ಪಾಳಿಯ ತಪ್ಪಿಗೆ 46 ದಿನಗಳ ಗಡುವುಗಳು. ಆ ಘಟಕಕ್ಕೆ ಸಂಬಂಧವೇ ಇಲ್ಲದ ಬೆಳೆಗಾರರ ಸರಕು ಇದರ ಮೇಲಿನ ಲೆಕ್ಕ.

ಜಾಡು ವ್ಯವಸ್ಥೆಯನ್ನು ಮಾರಲು ಬರುವವರು ಸಾಮಾನ್ಯವಾಗಿ ಹೇಳುವುದು, ಇದರಿಂದ ಕೆಟ್ಟ ಸರಕನ್ನು ಬೇಗ ಹಿಡಿದು ಜನರ ಪ್ರಾಣ ಉಳಿಸಬಹುದು ಎಂದು. ಡಬ್ಬಿಯಲ್ಲಿ ತುಂಬಿದ, ತಿಂಗಳುಗಟ್ಟಲೆ ಕಪಾಟಿನಲ್ಲಿ ಕೂರುವ ಆಹಾರದ ಮಟ್ಟಿಗೆ ಅದು ನಿಜ. ಹದಿನೈದು ದಿನ ಬಾಳುವ ಸೊಪ್ಪಿನ ಮಟ್ಟಿಗೆ ಆ ಮಾತು ಅರ್ಧದಷ್ಟೂ ನಿಲ್ಲುವುದಿಲ್ಲ. ಸೋಂಕು ದೇಹ ಸೇರಿ ಕಾಯಿಲೆಯಾಗಿ ಕಾಣಿಸಿಕೊಳ್ಳಲು ಮೂರು ನಾಲ್ಕು ದಿನ ಬೇಕು. ರೋಗಿ ವೈದ್ಯರ ಬಳಿ ಹೋಗಿ, ಮಾದರಿ ಪ್ರಯೋಗಾಲಯ ಸೇರಿ, ತಳಿಯ ಗುರುತು ಜಾಲಕ್ಕೆ ಏರಿ, ಅದು ಇನ್ನೊಂದು ರಾಜ್ಯದ ಗುರುತಿನೊಂದಿಗೆ ಹೊಂದುವಷ್ಟರಲ್ಲಿ ಎರಡು ಮೂರು ವಾರ ಕಳೆಯುತ್ತದೆ. ಈ ವಿಳಂಬ ಗೋದಾಮಿನಲ್ಲಿ ಆಗುವುದಲ್ಲ, ಆದ್ದರಿಂದ ಗೋದಾಮಿನಲ್ಲಿ ಎಷ್ಟೇ ಒಳ್ಳೆಯ ಯಂತ್ರ ಕೂರಿಸಿದರೂ ಇದು ಕಡಿಮೆಯಾಗದು. ಬೇಗ ಕೆಡುವ ಆಹಾರದಲ್ಲಿ ಜಾಡಿನ ಮುಖ್ಯ ಆರ್ಥಿಕ ಬೆಲೆ ಇರುವುದು ಕೆಟ್ಟದ್ದನ್ನು ಹಿಡಿಯುವುದರಲ್ಲಿ ಅಲ್ಲ, ಒಳ್ಳೆಯದನ್ನು ಶಂಕೆಯಿಂದ ಬಿಡಿಸುವುದರಲ್ಲಿ. ಸೋಂಕಿನ ಮೂಲ ಇನ್ನೂ ಜೀವಂತವಾಗಿದ್ದು ಹೊಸ ಸರಕೂ ಕೆಡುತ್ತಲೇ ಇರುವ ಸಂದರ್ಭ ಇದಕ್ಕೆ ಹೊರತು; ಆಗ ಒಂದೊಂದು ದಿನವೂ ಪ್ರಾಣದ ಲೆಕ್ಕವೇ.

ಸಂಕೇತ ಇದ್ದರೂ ಸರಪಳಿ ಕುರುಡಾಗಿದ್ದದ್ದು

ಹಾಗಾದರೆ ಪೊಟ್ಟಣದ ಮೇಲೆ ಸಂಕೇತವಿದ್ದಾಗಲೂ ಎಫ್‌ಡಿಎ ದೇಶದ ಪಾಲಕ್ ಎಲ್ಲವನ್ನೂ ಏಕೆ ನಿಲ್ಲಿಸಬೇಕಾಯಿತು? ಉತ್ತರ ಸರಪಳಿಯ ನಡುವಿನ ಕೊಂಡಿಗಳಲ್ಲಿದೆ.

2002ರ ಜೈವಿಕ ಭಯೋತ್ಪಾದನೆ ಕಾಯ್ದೆಯ ಅಡಿಯಲ್ಲಿ ಬಂದ ನಿಯಮಗಳು ಆಹಾರ ವ್ಯವಹಾರದ ಪ್ರತಿಯೊಬ್ಬರೂ ತಮಗೆ ಸರಕು ಯಾರಿಂದ ಬಂತು ಮತ್ತು ತಮ್ಮಿಂದ ಯಾರಿಗೆ ಹೋಯಿತು ಎಂಬ ದಾಖಲೆ ಇಡಬೇಕೆಂದಿದ್ದವು. ಹಿಂದೆ ಒಂದು ಹೆಜ್ಜೆ, ಮುಂದೆ ಒಂದು ಹೆಜ್ಜೆ. ಬೇಗ ಕೆಡುವ ಆಹಾರಕ್ಕೆ ಆ ದಾಖಲೆಯನ್ನು ಆರು ತಿಂಗಳು ಇಟ್ಟರೆ ಸಾಕಿತ್ತು. ಆದರೆ ತಯಾರಕರು ಮತ್ತು ಪ್ಯಾಕಿಂಗ್ ಮಾಡುವವರು ಒಂದೇ ಕಂತಿನಲ್ಲಿ ತಯಾರಾದ ಸರಕನ್ನು, ಅಂದರೆ ಲಾಟನ್ನು, ಗುರುತಿಸುವ ಸಂಕೇತ ಇದ್ದರೆ ಅದನ್ನು ಬರೆದಿಡಬೇಕೆಂದಿದ್ದ ನಿಯಮ, ಬರೀ ಸಾಗಿಸುವ, ದಾಸ್ತಾನಿಡುವ, ಹಂಚುವವರಿಗೆ ಆ ಹೊರೆ ಹಾಕಿರಲಿಲ್ಲ. ಗೋದಾಮಿನ ದಾಖಲೆಯಲ್ಲಿ ಉಳಿಯುತ್ತಿದ್ದದ್ದು ಇಂಥ ದಿನ ಇಂಥವರಿಂದ ಇಷ್ಟು ಪೆಟ್ಟಿಗೆ ಪಾಲಕ್ ಬಂತು ಎಂಬ ಸಾಲು ಮಾತ್ರ. ಒಂದು ಅಂಗಡಿಗೆ ಮಂಗಳವಾರ ಹೋದ ಪೆಟ್ಟಿಗೆ ಶನಿವಾರ ಬಂದ ಲಾರಿಯದೋ ಸೋಮವಾರ ಬಂದ ಲಾರಿಯದೋ ಎಂದು ಕೇಳಿದರೆ ಎರಡರಲ್ಲಿ ಯಾವುದಾದರೂ ಇರಬಹುದು ಎಂಬುದೇ ಪ್ರಾಮಾಣಿಕ ಉತ್ತರ. ಇಂಥ ಒಂದೊಂದು ‘ಇರಬಹುದು’ ಕೂಡಿದಂತೆ ಶಂಕಿತ ಸರಕಿನ ಗಾತ್ರ ಹಿಗ್ಗುತ್ತದೆ, ಮೂರು ಕೊಂಡಿ ದಾಟುವಷ್ಟರಲ್ಲಿ ಅದು ಒಂದು ಪ್ರದೇಶದ ಬೆಳೆಯಷ್ಟಾಗುತ್ತದೆ.

ಅಂಗಡಿಯ ಗಲ್ಲಾದಲ್ಲಿ ಸ್ಕ್ಯಾನ್ ಮಾಡುವ ಬಾರ್‌ಕೋಡ್ ಈ ಕೊರತೆಯನ್ನು ತುಂಬುತ್ತದೆಂದು ಹಲವರು ಭಾವಿಸುತ್ತಾರೆ. ಆ ಪಟ್ಟೆಗಳು ಹೇಳುವುದು ಇದು ಇಂಥ ಬ್ರ್ಯಾಂಡಿನ ಇಂಥ ತೂಕದ ಉತ್ಪನ್ನ ಎಂಬುದನ್ನಷ್ಟೇ. ಯಾವ ದಿನದ್ದು, ಯಾವ ಲಾಟಿನದ್ದು ಎಂಬುದು ಅದರಲ್ಲಿಲ್ಲ. ಆಗಸ್ಟ್ 15ರ ಪೊಟ್ಟಣವೂ ಸೆಪ್ಟೆಂಬರ್ 10ರ ಪೊಟ್ಟಣವೂ ಗಲ್ಲಾಕ್ಕೆ ಒಂದೇ. ಹೀಗಾಗಿ ಘಟಕದಲ್ಲಿ ಪಾಳಿಯ ಮಟ್ಟದವರೆಗೆ ಸೂಕ್ಷ್ಮವಾಗಿದ್ದ ಗುರುತು ಲಾರಿ ಏರಿದೊಡನೆ ಪೊಟ್ಟಣದ ಮೇಲಿನ ಬರಿಯ ಶಾಯಿಯಾಗಿ ಉಳಿಯಿತು, ದಾಖಲೆಯಾಗಿ ಮುಂದೆ ಸಾಗಲಿಲ್ಲ.

ಲಾಟ್ ಎಷ್ಟು ದೊಡ್ಡದಿರಬೇಕು

ಕ್ಯಾಲಿಫೋರ್ನಿಯಾ ಆರೋಗ್ಯ ಇಲಾಖೆ ಮತ್ತು ಎಫ್‌ಡಿಎ ಜಂಟಿ ತನಿಖೆಯು ಪಿ227ಎ ಸಂಕೇತದ ಹಿಂದೆ ನಾಲ್ಕು ಹೊಲಗಳನ್ನು ಗುರುತಿಸಿತು. ನಾಲ್ಕರಲ್ಲಿ ಸ್ಯಾನ್ ಬೆನಿಟೊ ಕೌಂಟಿಯ ಒಂದರ ಸುತ್ತಮುತ್ತ, ಆದರೆ ತಾಕಿನ ಒಳಗಲ್ಲ, ದನಗಳ ಸಗಣಿ, ಕಾಡುಹಂದಿ ಮತ್ತು ಹೊಳೆಯ ನೀರಿನ ಮಾದರಿಗಳಲ್ಲಿ ಅದೇ ತಳಿ ದೊರೆಯಿತು. ಸೊಪ್ಪಿಗೆ ಅದು ಹೇಗೆ ಹತ್ತಿತು ಎಂಬುದನ್ನು ತನಿಖೆ ಕೊನೆಗೂ ಖಚಿತವಾಗಿ ಹೇಳಲಿಲ್ಲ.

ಒಂದು ಪಾಳಿಗೆ ನಾಲ್ಕು ಹೊಲದ ಸೊಪ್ಪು ಏಕೆ ಬಂತು ಎಂಬುದು ಅರ್ಥಶಾಸ್ತ್ರದ ಪ್ರಶ್ನೆಯೇ. ಸೊಪ್ಪು ತೊಳೆಯುವ ಸಾಲು ನಿಂತಷ್ಟೂ ನಷ್ಟ. ಒಂದು ಕಡೆಯ ಕೊಯ್ಲು ಮುಗಿದೊಡನೆ ಇನ್ನೊಂದು ಕಡೆಯದನ್ನು ಸುರಿದರೆ ಯಂತ್ರ ನಿಲ್ಲುವುದಿಲ್ಲ, ಆದರೆ ಎರಡೂ ಹೊಲಗಳ ಎಲೆ ಒಂದೇ ನೀರಿನಲ್ಲಿ ತೇಲುತ್ತವೆ. ಆ ನೀರೇ ಸೋಂಕನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸಬಲ್ಲದು. ಆದ್ದರಿಂದ ಕಾಗದದ ಮೇಲೆ ಪ್ರತಿ ಹೊಲಕ್ಕೂ ಬೇರೆ ಸಂಕೇತ ಕೊಟ್ಟ ಮಾತ್ರಕ್ಕೆ ಲಾಟ್ ಸಣ್ಣದಾಗುವುದಿಲ್ಲ. ಎರಡು ಪೂರ್ಣ ಶುಚಿಗೊಳಿಸುವಿಕೆಗಳ ನಡುವೆ ಸಾಲಿನಲ್ಲಿ ಹರಿದದ್ದೆಲ್ಲ ಒಂದೇ ಲಾಟ್. ಅದರ ಮೇಲೆ ಎಷ್ಟು ಬಗೆಯ ಚೀಟಿ ಅಂಟಿಸಿದರೂ ತನಿಖೆಯ ದಿನ ಅದು ಒಂದಾಗಿಯೇ ಎದ್ದು ನಿಲ್ಲುತ್ತದೆ.

ಲೆಕ್ಕಕ್ಕೆ ಒಂದು ಊಹೆ ಮಾಡಿಕೊಳ್ಳೋಣ. ಪಾಳಿ ಎಂಟು ಗಂಟೆಯದು, ಒಂದು ಸಲ ಸಾಲನ್ನು ನಿಲ್ಲಿಸಿ ನೀರು ಬದಲಿಸಿ ಶುಚಿಗೊಳಿಸಲು ಅರ್ಧ ಗಂಟೆ ಬೇಕು. ನಡುವೆ ನಿಲ್ಲಿಸದೆ ನಡೆಸಿದರೆ ಎಂಟು ಗಂಟೆಯ ಉತ್ಪನ್ನವೂ ಒಂದೇ ಲಾಟ್. ಮೂರು ಸಲ ನಿಲ್ಲಿಸಿದರೆ ನಾಲ್ಕು ಲಾಟ್‌ಗಳಾಗುತ್ತವೆ, ಕೆಲಸದ ಹೊತ್ತು ಆರೂವರೆ ಗಂಟೆಗೆ ಇಳಿಯುತ್ತದೆ. ಶಂಕೆ ಬಂದ ದಿನ ಕೈಬಿಡಬೇಕಾದ ಸರಕು ಸುಮಾರು ಐದನೆಯ ಒಂದು ಪಾಲಿಗೆ ಇಳಿಯಿತು, ನಿಜ. ಆದರೆ ಪ್ರತಿದಿನದ ಉತ್ಪಾದನೆಯೂ ಸುಮಾರು ಐದನೆಯ ಒಂದು ಪಾಲು ಕುಗ್ಗಿತು. ಶಂಕೆಯ ದಿನ ವರ್ಷಗಳಿಗೊಮ್ಮೆ ಬರಬಹುದು, ಬಾರದೆಯೂ ಇರಬಹುದು. ಯಂತ್ರ ನಿಂತ ಒಂದೂವರೆ ಗಂಟೆ ಮಾತ್ರ ಇವತ್ತಿನದು, ನಾಳೆಯದು, ಪ್ರತಿದಿನದ್ದು.

ಇದರ ಮೇಲೆ ಇನ್ನೊಂದು ತೊಡಕಿದೆ. ಘಟಕ ಇಷ್ಟೆಲ್ಲ ಮಾಡಿ ಲಾಟನ್ನು ಸಣ್ಣದಾಗಿಸಿದರೂ, ಮುಂದಿನ ಗೋದಾಮು ಲಾಟ್ ಸಂಕೇತವನ್ನು ದಾಖಲಿಸದಿದ್ದರೆ ಆ ಸೂಕ್ಷ್ಮತೆ ಅಲ್ಲಿಗೇ ಸತ್ತಿತು. ಗೋದಾಮು ದುಬಾರಿ ಸ್ಕ್ಯಾನರ್ ಕೊಂಡರೂ, ಘಟಕ ವಾರವಿಡೀ ಒಂದೇ ಸಂಕೇತ ಹಾಕಿದರೆ ಆ ಖರ್ಚೂ ವ್ಯರ್ಥ. ಇಡೀ ಸರಪಳಿಯ ಸೂಕ್ಷ್ಮತೆ ಅದರ ಅತಿ ದಡ್ಡ ಕೊಂಡಿಯ ಸೂಕ್ಷ್ಮತೆಗಿಂತ ಹೆಚ್ಚಾಗಲಾರದು. ಇಂಥ ಕಡೆ ಯಾರೂ ಮೊದಲು ಹಣ ಹಾಕುವುದಿಲ್ಲ, ಮತ್ತು ಹಾಕದಿರುವುದಕ್ಕೆ ಅವರನ್ನು ದೂರುವುದೂ ಕಷ್ಟ.

ನಷ್ಟ ಯಾರದು

ಅಮೆರಿಕದ ಕೃಷಿ ಇಲಾಖೆಯ ಆರ್ಥಿಕ ಸಂಶೋಧಕರು ಅಂಗಡಿಗಳ ಮಾರಾಟದ ಅಂಕಿಗಳನ್ನು 68 ವಾರಗಳ ಕಾಲ ಹಿಂಬಾಲಿಸಿ ಲೆಕ್ಕ ಹಾಕಿದರು. ಪೊಟ್ಟಣದ ಪಾಲಕ್ ಮೇಲೆ ಗ್ರಾಹಕರು ಮಾಡುವ ಖರ್ಚು ಅತಿ ಕೆಳಗಿಳಿದಾಗ 63 ಶೇಕಡಾ ಕುಸಿದಿತ್ತು. ಆರು ತಿಂಗಳ ನಂತರವೂ 10 ಶೇಕಡಾ ಕಡಿಮೆಯಿತ್ತು. ಇಡೀ ಅವಧಿಯಲ್ಲಿ ಕುಸಿತ 20 ಶೇಕಡಾ. ಎಚ್ಚರಿಕೆ ಜಾರಿಯಲ್ಲಿದ್ದದ್ದು ವಾರಗಳು, ಅದರ ನೆರಳು ಉಳಿದದ್ದು ವರ್ಷಕ್ಕೂ ಮಿಕ್ಕಿ.

ಈ ನಷ್ಟವನ್ನು ಸಮಾಜದ ನಷ್ಟವೆಂದು ಹಾಗೆಯೇ ಕೂಡಿಸುವುದು ತಪ್ಪಾಗುತ್ತದೆ. ಪಾಲಕ್ ಬಿಟ್ಟ ಗ್ರಾಹಕರು ಊಟ ಬಿಡಲಿಲ್ಲ, ಬೇರೆ ಸೊಪ್ಪುಗಳತ್ತ ತಿರುಗಿದರು. ಆ ಬೆಳೆಗಾರರಿಗೆ ಅಷ್ಟರ ಮಟ್ಟಿಗೆ ಲಾಭವೇ ಆಯಿತು. ಒಟ್ಟು ಲೆಕ್ಕದಲ್ಲಿ ನಿಜವಾಗಿ ಹಾಳಾದದ್ದು ಎಸೆದ ಸರಕು, ಕೊಯ್ಯದ ಬೆಳೆ, ಮತ್ತು ಇಷ್ಟವಿದ್ದದ್ದನ್ನು ಬಿಟ್ಟು ಬೇರೆಯದನ್ನು ಕೊಳ್ಳಬೇಕಾದ ಗ್ರಾಹಕರ ಅತೃಪ್ತಿ. ಆದರೆ ಪಾಲಕ್ ಒಂದನ್ನೇ ನೆಚ್ಚಿದ್ದ ಬೆಳೆಗಾರನಿಗೆ ಒಟ್ಟು ಲೆಕ್ಕದಿಂದ ಸಮಾಧಾನವಿಲ್ಲ. ಎಳೆ ಪಾಲಕ್ ಕಾಯುವ ಬೆಳೆಯಲ್ಲ. ಎಲೆ ಹದಕ್ಕೆ ಬಂದ ಕೆಲವೇ ದಿನಗಳಲ್ಲಿ ಕೊಯ್ಯದಿದ್ದರೆ ಅದು ಪೊಟ್ಟಣಕ್ಕೆ ಬೇಕಾದ ಅಳತೆ ಮೀರುತ್ತದೆ. ಎಚ್ಚರಿಕೆ ಮೂರು ಕೌಂಟಿಗಳಿಗೆ ಸೀಮಿತಗೊಳ್ಳಲು ಹಿಡಿದ ಎಂಟು ದಿನಗಳು ಉಳಿದ ಕಡೆಯ ಬೆಳೆಗಾರರಿಗೆ ಒಂದು ಕೊಯ್ಲಿನ ಬೆಲೆಯಾಗಿರಬಲ್ಲವು. ಅವರ ತಪ್ಪು ಇಷ್ಟೇ: ತಮ್ಮ ಸೊಪ್ಪು ಆ ಸೊಪ್ಪಲ್ಲ ಎಂದು ಆ ವಾರ ತೋರಿಸಲು ಅವರ ಕೈಯಲ್ಲಿ ಏನೂ ಇರಲಿಲ್ಲ.

2007ರಲ್ಲಿ ಪಾಲಕ್ ಬೆಳೆಗಾರರಿಗೆ 2.5 ಕೋಟಿ ಡಾಲರ್ ಪರಿಹಾರ ಕೊಡುವ ಪ್ರಸ್ತಾಪವೊಂದು ಯುದ್ಧದ ಖರ್ಚಿನ ಮಸೂದೆಯೊಳಗೆ ಸೇರಿಕೊಂಡು, ರಾಜಕೀಯ ಗೇಲಿಗೆ ಗುರಿಯಾಗಿ, ಕೊನೆಗೆ ಬಿದ್ದುಹೋಯಿತು. ಅದನ್ನು ಗೇಲಿ ಮಾಡಿದವರು ಕೇಳಬಹುದಾಗಿದ್ದ ಪ್ರಶ್ನೆಯೊಂದಿತ್ತು. ಸರ್ಕಾರದ ಎಚ್ಚರಿಕೆ ಅಗತ್ಯಕ್ಕಿಂತ ಅಗಲವಾಗಿದ್ದುದರ ಬೆಲೆಯನ್ನು ನಿರಪರಾಧಿ ತೆರಬೇಕಾದರೆ, ಎಚ್ಚರಿಕೆಯನ್ನು ಕಿರಿದುಗೊಳಿಸಬಲ್ಲ ದಾಖಲೆಗಳಿಗೆ ಹಣ ಹಾಕಲು ಅಪರಾಧಿಗೆ ಯಾವ ಕಾರಣವಿದೆ? ಮಾತ್ರವಲ್ಲ, ಸ್ಪಷ್ಟವಾದ ಸಂಕೇತ ಹಾಕಿದವನೇ ಮೊದಲು ಸಿಕ್ಕಿಬೀಳುತ್ತಾನೆ. ಹಲವರ ಸರಕನ್ನು ಬೆರೆಸಿ ಗುರುತು ಅಳಿಸಿದವನ ವಿರುದ್ಧ ಮೊಕದ್ದಮೆ ಹೂಡುವುದೇ ಕಷ್ಟ. ಜಾಡು ಹಿಡಿಯಲು ಆಗದಿರುವುದು ಕೆಲವರಿಗೆ ಒಂದು ಬಗೆಯ ಪುಕ್ಕಟೆ ವಿಮೆ.

ಆ ನಂತರ

ಉದ್ಯಮದ ಮೊದಲ ಉತ್ತರ ಬೇಗ ಬಂತು. ಕ್ಯಾಲಿಫೋರ್ನಿಯಾದ ಸೊಪ್ಪು ವ್ಯಾಪಾರಿಗಳು 2007ರಲ್ಲಿ ಒಂದು ಒಪ್ಪಂದ ಮಾಡಿಕೊಂಡರು. ಸೇರುವುದು ಐಚ್ಛಿಕ, ಸೇರಿದ ಮೇಲೆ ಪಾಲನೆ ಕಡ್ಡಾಯ. ಹೊಲಗಳ ತಪಾಸಣೆಯ ವೆಚ್ಚವನ್ನು ಪೆಟ್ಟಿಗೆಗೆ ಕೆಲವು ಸೆಂಟುಗಳಂತೆ ಎತ್ತುವ ಏರ್ಪಾಡು. ಹೆಸರು ಕೆಟ್ಟರೆ ಎಲ್ಲರದೂ ಕೆಡುತ್ತದೆ ಎಂಬುದು ಖಚಿತವಾದ ಮೇಲೆ ಪೈಪೋಟಿಗಾರರೂ ಒಂದೇ ಹುಂಡಿಗೆ ಹಣ ಹಾಕಲು ಒಪ್ಪಿದರು. ಜಾಡಿನ ವಿಷಯದಲ್ಲಿ ಅದೇ ಒಪ್ಪಿಗೆ ಅಷ್ಟು ಸುಲಭವಾಗಲಿಲ್ಲ. ಪೆಟ್ಟಿಗೆಯ ಮೇಲೆ ಉತ್ಪನ್ನ ಮತ್ತು ಲಾಟ್ ಎರಡನ್ನೂ ಹೇಳುವ ಸಂಕೇತ ಹಾಕುವ ಉದ್ಯಮದ ಯೋಜನೆಯೊಂದು ಆ ವರ್ಷಗಳಲ್ಲೇ ಶುರುವಾದರೂ, ಹೊಲ ಮತ್ತು ಪ್ಯಾಕಿಂಗ್ ಕಡೆಯವರು ಚೀಟಿ ಅಂಟಿಸಿದಷ್ಟು ಬೇಗ ಅಂಗಡಿ ಕಡೆಯವರು ಓದಲಿಲ್ಲ.

2018ರ ನವೆಂಬರ್ 20ರಂದು ಇತಿಹಾಸ ಬಹುಮಟ್ಟಿಗೆ ಮರುಕಳಿಸಿತು. ಈ ಸಲ ರೊಮೇನ್ ಲೆಟ್ಯೂಸ್ ಎಂಬ ಸಲಾಡ್ ಸೊಪ್ಪು. ಮತ್ತೆ ದೇಶಕ್ಕೆಲ್ಲ ಒಂದೇ ಎಚ್ಚರಿಕೆ. ಆರು ದಿನಗಳ ಬಳಿಕ ಅದು ಕಿರಿದಾದಾಗ ಉದ್ಯಮ ಕೊಟ್ಟ ಪ್ರತಿಫಲವೆಂದರೆ, ಪೊಟ್ಟಣದ ಮೇಲೆ ಕೊಯ್ಲಿನ ಪ್ರದೇಶ ಮತ್ತು ದಿನಾಂಕವನ್ನು ಸ್ವಯಂಪ್ರೇರಿತವಾಗಿ ಮುದ್ರಿಸುವ ಮಾತು. ಎರಡು ಪದ ಅಚ್ಚು ಹಾಕುವ ಈ ಅಗ್ಗದ ಕೆಲಸ, ನನ್ನ ದೃಷ್ಟಿಯಲ್ಲಿ, ಅದೇ ವರ್ಷ ಬಹಳ ಸದ್ದು ಮಾಡಿದ ಬ್ಲಾಕ್‌ಚೈನ್ ಎಂಬ ಹಂಚಿಕೆಯ ಡಿಜಿಟಲ್ ಲೆಕ್ಕಪುಸ್ತಕಕ್ಕಿಂತ ಹೆಚ್ಚು ಆರ್ಥಿಕ ವಿವೇಕದ್ದು. ವಾಲ್‌ಮಾರ್ಟ್ ಸಂಸ್ಥೆ ಹೋಳು ಮಾಡಿದ ಮಾವಿನ ಹಣ್ಣಿನ ಮೂಲವನ್ನು ಹಳೆಯ ವಿಧಾನದಲ್ಲಿ ಹುಡುಕಲು ಹಿಡಿದ ಸುಮಾರು ಏಳು ದಿನಗಳನ್ನು ಬ್ಲಾಕ್‌ಚೈನ್ ಮೂಲಕ 2.2 ಸೆಕೆಂಡಿಗೆ ಇಳಿಸಿದ್ದಾಗಿ ಹೇಳಿತ್ತು. ಏಳು ದಿನ ಉಳಿಯುವುದು ಸಣ್ಣ ಮಾತಲ್ಲ. ಆದರೆ ಏಳು ದಿನದಿಂದ ಒಂದು ದಿನಕ್ಕೆ ಬಂದರೆ ಸಿಗುವ ಲಾಭದ ಮುಂದೆ, ಒಂದು ದಿನದಿಂದ ಎರಡು ಸೆಕೆಂಡಿಗೆ ಬಂದಾಗ ಸಿಗುವುದು ಅತ್ಯಲ್ಪ, ಏಕೆಂದರೆ ಅದಕ್ಕೂ ಮುಂಚಿನ ಮೂರು ವಾರ ಪ್ರಯೋಗಾಲಯದಲ್ಲಿ ಕಳೆದಿರುತ್ತದೆ. ಮತ್ತು ತಪ್ಪು ಪೆಟ್ಟಿಗೆಗೆ ಅಂಟಿಸಿದ ಚೀಟಿಯನ್ನು ಯಾವ ಲೆಡ್ಜರೂ ತಾನಾಗಿ ಸರಿಪಡಿಸದು.

2011ರ ಜನವರಿಯಲ್ಲಿ ಕಾಯ್ದೆಯಾದ ಆಹಾರ ಸುರಕ್ಷತಾ ಸುಧಾರಣೆಯ ಒಂದು ಭಾಗವಾಗಿ ಎಫ್‌ಡಿಎ ತನ್ನ ಅಂತಿಮ ಜಾಡು ನಿಯಮವನ್ನು ಪ್ರಕಟಿಸಿದ್ದು 2022ರ ನವೆಂಬರ್‌ನಲ್ಲಿ. ಸೊಪ್ಪು, ಕೆಲವು ಹಣ್ಣು ತರಕಾರಿ, ಕೆಲವು ಗಿಣ್ಣು, ಮೊಟ್ಟೆ, ಮೀನು ಮುಂತಾದವುಗಳ ಪಟ್ಟಿಯೊಂದನ್ನು ಮಾಡಿ, ಅವುಗಳಿಗೆ ಕೊಟ್ಟ ಲಾಟ್ ಸಂಕೇತ ಸರಪಳಿಯುದ್ದಕ್ಕೂ ಕಳಚದೆ ಸಾಗಬೇಕು, ಕೇಳಿದಾಗ 24 ಗಂಟೆಗಳೊಳಗೆ ದಾಖಲೆ ಒದಗಿಸಬೇಕು ಎಂದು ಅದು ವಿಧಿಸುತ್ತದೆ. 2006ರಲ್ಲಿ ಹರಿದಿದ್ದ ಕೊಂಡಿ ಯಾವುದೋ ಅದನ್ನೇ ಹೊಲಿಯುವ ನಿಯಮ ಇದು. ಪಾಲನೆಯ ಗಡುವು 2026ರ ಜನವರಿ 20 ಎಂದಿದ್ದದ್ದು 30 ತಿಂಗಳು ಮುಂದಕ್ಕೆ, 2028ರ ಜುಲೈ 20ಕ್ಕೆ ಹೋಗಿದೆ. ಸಿದ್ಧರಾದ ಸಂಸ್ಥೆಗಳಿಗೂ ತಮ್ಮ ವ್ಯಾಪಾರ ಪಾಲುದಾರರಿಂದ ಸರಿಯಾದ ಮಾಹಿತಿ ಬರುವ ಭರವಸೆಯಿಲ್ಲ ಎಂಬುದು ಮುಂದೂಡಿಕೆಗೆ ಕೊಟ್ಟ ಕಾರಣಗಳಲ್ಲೊಂದು: ಅತಿ ದಡ್ಡ ಕೊಂಡಿಯ ಅದೇ ಹಳೆಯ ಲೆಕ್ಕ.

ನಿಯಮ ಪೂರ್ತಿ ಜಾರಿಯಾದರೂ ಸಂಕೇತದ ದಾಖಲೆ ಅಂಗಡಿಗೆ ಸರಕು ಬಂದಿಳಿಯುವಲ್ಲಿಗೆ ನಿಲ್ಲುತ್ತದೆ, ಯಾವ ಗ್ರಾಹಕರು ಯಾವ ಲಾಟನ್ನು ಕೊಂಡರೆಂದು ಬರೆದಿಡಲು ಅದು ಯಾರನ್ನೂ ಕೇಳುವುದಿಲ್ಲ. ಗಲ್ಲಾದಿಂದ ಅಡುಗೆಮನೆಯವರೆಗಿನ ಆ ಕೊನೆಯ ಹೆಜ್ಜೆಗೆ ತನಿಖೆದಾರರು ಈಗಲೂ ನೆಚ್ಚಬೇಕಾದದ್ದು ರೋಗಿಯ ನೆನಪನ್ನು, ಖರೀದಿಯ ಚೀಟಿಯನ್ನು, ಇಲ್ಲವೇ ಫ್ರಿಜ್ಜಿನಲ್ಲಿ ಎಸೆಯದೆ ಉಳಿದ ಪೊಟ್ಟಣವನ್ನು. 2006ರಲ್ಲಿ ಸಿಕ್ಕ ಆ 13 ಪೊಟ್ಟಣಗಳಲ್ಲಿ ಎರಡರ ಲಾಟ್ ಸಂಕೇತ ತನಿಖೆಗೆ ದೊರೆಯಲೇ ಇಲ್ಲ.